ಕೂಮನ ಕಾಗದ

ನನ್ನ ಅತ್ತೆ ಸ್ಟೊಯಾಂಕಾ ಆ ಮಾತು ಕೊಟ್ಟದ್ದು 1974ರಲ್ಲಿ, ಪೋರ್ಟ್ ಕೆಂಬ್ಲಾದ ಒಂದು ಮನೆಯ ಹೊಸ್ತಿಲ ಮೇಲೆ ನಿಂತು. ಹಳೆಯ ದೇಶದ ಬಿಟೊಲಾ ಕಡೆಯ ಹಳ್ಳಿಯಿಂದ ಗಂಡನ ಜೊತೆ ಒಂದೇ ಪೆಟ್ಟಿಗೆ ಹಿಡಿದು ಈ ದೇಶಕ್ಕೆ ಬಂದಿಳಿದಿದ್ದ ಅವರಿಗೆ ನಾಸ್ತೆ ಎನ್ನುವವರು ತಮ್ಮ ಮುಂದಿನ ಕೋಣೆ ಬಿಟ್ಟುಕೊಟ್ಟಿದ್ದರು. ಹನ್ನೊಂದು ತಿಂಗಳು ಒಂದು ಕಾಸು ಬಾಡಿಗೆ ತೆಗೆದುಕೊಳ್ಳಲಿಲ್ಲ. ನನ್ನ ಗಂಡ ಜೋರನ್ ಹುಟ್ಟಿದ್ದು ಆ ಕೋಣೆಯಲ್ಲಿದ್ದಾಗಲೇ. ಚರ್ಚಿನಲ್ಲಿ ಅವನನ್ನು ತೋಳಮೇಲೆ ಹಿಡಿದು ದೀಕ್ಷಾಸ್ನಾನ ಕೊಡಿಸಿದವರೂ ನಾಸ್ತೆಯೇ. ಹಾಗೆ ಅವರು ನಮ್ಮ ಮನೆಗೆ ಕೂಮ, ಅಂದರೆ ಧರ್ಮಪಿತ, ಆದರು. ಮುಂದೆ ನಮ್ಮ ಮದುವೆಯಲ್ಲಿ ತಲೆಯ ಮೇಲೆ ಕಿರೀಟ ಹಿಡಿದವರು ಅವರು, ನಮ್ಮ ಇಬ್ಬರು ಹೆಣ್ಣುಮಕ್ಕಳನ್ನು ದೀಕ್ಷೆಗೆ ಎತ್ತಿಕೊಂಡವರು ಅವರ ಮನೆಯವರು. ರಕ್ತದ ನೆಂಟರ ಜೊತೆ ಜಗಳ ಆಡಿ ಮಾತು ಬಿಡಬಹುದು. ಕೂಮನ ಜೊತೆ ಹಾಗೆ ಮಾಡುವಂತಿಲ್ಲ.

ಆ ಕೋಣೆ ಖಾಲಿ ಮಾಡಿದ ದಿನ ಅತ್ತೆ, ಕಂಕುಳಲ್ಲಿ ಮಗು ಇಟ್ಟುಕೊಂಡೇ ಬಗ್ಗಿ ನಾಸ್ತೆಯವರ ಕೈಗೆ ಮುತ್ತಿಟ್ಟು ಹೇಳಿದರಂತೆ: "ಕೂಮ, ನನ್ನ ಮನೆ ನಿಮಗೆ ಯಾವತ್ತೂ ಇಲ್ಲ ಅನ್ನಲ್ಲ."

ಅಂದಿಲ್ಲ ಕೂಡ. ಕೂಮನ ಭಾವಮೈದುನ ಮಾರಿದ ಕೆಟ್ಟ ಕಾರನ್ನು ನಮ್ಮ ಮಾವ ಕೊಂಡರು. ಕೂಮನ ತಂಗಿಯ ಮಗ ಹಂಚು ಹೊದಿಸಿದ ಮಾಡು ಮೂರು ಕಡೆ ಸೋರಿತು, ಬಕೆಟ್ ಇಟ್ಟುಕೊಂಡೆವು. ನಮ್ಮ ಮದುವೆಯ ದಿನಾಂಕವನ್ನು ಕೂಮನ ಮೊಣಕಾಲಿನ ಶಸ್ತ್ರಚಿಕಿತ್ಸೆ ನೋಡಿಕೊಂಡು ಇಟ್ಟರು. ಮಾವ ತೀರಿಹೋದ ಮೇಲೂ ಆ ಮಾತು ಮನೆಯಲ್ಲಿ ಉಳಿಯಿತು. ಮನೆ ಅತ್ತೆಯ ಹೆಸರಲ್ಲಿದೆ.

ನಮ್ಮ ಚಿಕ್ಕವಳು ಕಾಲಿನಾಗೆ ಆರು ವರ್ಷ. ಅವಳಿಗೆ ಎಲ್ಲವೂ ಅರ್ಥವಾಗುತ್ತದೆ. ಅಜ್ಜಿ ಬಿಸ್ಕತ್ತಿನ ಡಬ್ಬಿ ಯಾವ ಕಪಾಟಿಗೆ ಸಾಗಿಸಿದರು ಅನ್ನುವುದರಿಂದ ಹಿಡಿದು ಅಪ್ಪ ಯಾವ ಪಾಳಿಗೆ ಹೋಗುತ್ತಾನೆ ಅನ್ನುವವರೆಗೆ. ಆದರೆ ಮಾತು ಬರುವುದಿಲ್ಲ. ಹೇಳಬೇಕು ಎಂದು ಬಾಯಿ ತೆರೆದರೆ ತುಟಿ ಒಂದು ಕಡೆ, ನಾಲಿಗೆ ಒಂದು ಕಡೆ. "ಆ" ಅನ್ನುತ್ತಾಳೆ, ಕೈಮಾಡಿ ತೋರಿಸುತ್ತಾಳೆ, ನಮಗೆ ಗೊತ್ತಾಗದಿದ್ದರೆ ನೆಲಕ್ಕೆ ಬಿದ್ದು ಅಳುತ್ತಾಳೆ. ಮೂರೂವರೆ ವರ್ಷದವಳಿದ್ದಾಗ ಸರ್ಕಾರದ ಅಂಗವಿಕಲ ನೆರವಿನ ಹಣ ಮಂಜೂರಾಯಿತು. ಅದನ್ನು ಎಲ್ಲರೂ ಪ್ಲಾನ್ ಅನ್ನುತ್ತಾರೆ. ಪ್ಲಾನ್ ಜೊತೆ ಒಂದು ಪುಸ್ತಿಕೆ ಬಂತು. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ, ಸೇವೆ ಕೊಡುವವರ ಆಯ್ಕೆ ನಿಮ್ಮದು, ನಿಯಂತ್ರಣ ನಿಮ್ಮದು ಎಂದಿತ್ತು.

ಅದನ್ನು ಓದಿ ಹೇಳಿದಾಗ ಅತ್ತೆ ಪಾತ್ರೆ ಒರೆಸುತ್ತಿದ್ದರು.

"ಇನ್ನೇನು ಆಯ್ಕೆ? ಕೂಮನ ಮಗಳು ಬಿಲ್ಯಾನಾ ಅದೇ ಅಂಗಡಿ ತೆಗೆದಿದಾಳಲ್ಲ."

"ಅಂಗಡಿ ಅಲ್ಲ ಅತ್ತೆ, ಮಾತು ಕಲಿಸೋ ಥೆರಪಿ ಸಂಸ್ಥೆ. ಇನ್ನೂ ಒಂದೆರಡು ಕಡೆ ನೋಡಬಹುದು."

"ನೋಡು, ನೋಡು. ನೋಡಿಬಿಟ್ಟು ಅಲ್ಲಿಗೇ ಹೋಗು."

ಅಲ್ಲಿಗೇ ಹೋದೆವು. ಬಿಲ್ಯಾನಾ ಸ್ವತಃ ಥೆರಪಿಸ್ಟ್ ಅಲ್ಲ. ಕಾಲೇಜು ಮುಗಿಸಿದ ಹುಡುಗಿಯರನ್ನು ಕೆಲಸಕ್ಕಿಟ್ಟುಕೊಂಡು ಮನೆಮನೆಗೆ ಕಳಿಸುತ್ತಿದ್ದಳು. ಗಂಟೆಗೆ ನೂರ ತೊಂಬತ್ತಮೂರು ಡಾಲರ್. ಎರಡೂವರೆ ವರ್ಷದಲ್ಲಿ ಐದು ಜನ ಬಂದುಹೋದರು. ಎಲ್ಲರೂ ಒಳ್ಳೆಯ ಹುಡುಗಿಯರೇ. ಒಬ್ಬಳಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಒಬ್ಬಳು ಮದುವೆಯಾಗಿ ಪರ್ತ್‌ಗೆ ಹೋದಳು, ಇನ್ನೊಬ್ಬಳು ಯಾಕೆ ಬಿಟ್ಟಳೋ ಗೊತ್ತಿಲ್ಲ. ಹೊಸಬಳು ಬಂದಾಗಲೆಲ್ಲ ಮೊದಲ ಐದಾರು ವಾರ "ಮಗುವಿನ ಪರಿಚಯ ಮಾಡಿಕೊಳ್ಳುವುದು". ಅದೇ ಚಿತ್ರದ ಕಾರ್ಡುಗಳು. ಹಸು, ಚೆಂಡು, ಸೇಬು. ಕೊನೆಕೊನೆಗೆ ಕಾಲಿನಾ ಅವರ ಚೀಲದಿಂದ ತಾನೇ ಕಾರ್ಡು ತೆಗೆದು ಸಾಲಾಗಿ ಜೋಡಿಸಿ, ಬಾಗಿಲ ಕಡೆ ಕೈ ತೋರಿಸುತ್ತಿದ್ದಳು. ಆಯ್ತಲ್ಲ, ಹೊರಡಿ ಅನ್ನುವ ಹಾಗೆ.

ಇನ್ನು ಆ ಒಂದು ಗಂಟೆಯಲ್ಲಿ ಕೆಲಸಕ್ಕೆ ಉಳಿಯುತ್ತಿದ್ದದ್ದು ಎಷ್ಟು? ಕೂಮನ ಮನೆಯಿಂದ ಬಂದವರನ್ನು ಹಾಗೇ ಕೂರಿಸುವುದುಂಟೆ? ಅತ್ತೆ ಮೊದಲು ಒಂದು ಚಮಚ ಅಂಜೂರದ ಮುರಬ್ಬ, ಜೊತೆಗೆ ತಣ್ಣೀರು ಇಡುತ್ತಿದ್ದರು. ಆಮೇಲೆ ಕಾಫಿ ಕುದಿಸುತ್ತಿದ್ದರು. ಆಮೇಲೆ ಸೊಪ್ಪು ಚೀಸು ತುಂಬಿದ ಜೆಲ್ನಿಕ್. ಒಂದು ತುಂಡು ತಿಂದರೆ ಇನ್ನೊಂದು. ಬೇಡ ಅಂದರೆ ಕಾಗದದಲ್ಲಿ ಸುತ್ತಿ ಚೀಲಕ್ಕೆ. ನಾನು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಬೆಳಗಿನ ಪಾಳಿ ಮಾಡುವವಳು, ಆ ಹೊತ್ತಿಗೆ ಮನೆಯಲ್ಲಿ ಇರುತ್ತಿರಲಿಲ್ಲ. ಹದಿನೈದು ವರ್ಷದ ನನ್ನ ದೊಡ್ಡ ಮಗಳು ಸಿಮೊನಾ ಒಮ್ಮೆ ರಜೆಯಲ್ಲಿ ಗಡಿಯಾರ ನೋಡಿ ಲೆಕ್ಕ ಹಾಕಿದಳು.

"ಅಮ್ಮ, ಕಾಲಿನಾಗೆ ಇಪ್ಪತ್ತೆರಡು ನಿಮಿಷ. ಅಜ್ಜಿ ಜೆಲ್ನಿಕ್‌ಗೆ ಮೂವತ್ತೆಂಟು. ಸರ್ಕಾರದ ದುಡ್ಡಲ್ಲಿ ಆ ಹುಡುಗಿ ದಪ್ಪ ಆಗ್ತಾಳೆ ಅಷ್ಟೇ."

"ಬಾಯಿ ಮುಚ್ಚೇ ಲಾಯರಮ್ಮ" ಎಂದರು ಅತ್ತೆ. "ಹಸಿದ ಹೊಟ್ಟೇಲಿ ಯಾರಾದ್ರೂ ಮಾತು ಕಲಿಸ್ತಾರಾ?"

ಫೆಬ್ರವರಿ ಕೊನೆಯ ವಾರ ಒಂದು ಮಂಗಳವಾರ. ನಾನು ಆಶ್ರಮದಲ್ಲಿ ಅರವತ್ತು ಜನರ ಸೂಪು ತಟ್ಟೆಗೆ ಬಡಿಸುತ್ತಿದ್ದಾಗ ಫೋನು ಬಂತು. ಗ್ಲೆನಿಸ್ ಎನ್ನುವ ಥೆರಪಿಸ್ಟ್. ಡಾಪ್ಟೋದಲ್ಲಿ ತಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಒಬ್ಬರೇ ಕೆಲಸ ಮಾಡುತ್ತಾರೆ, ಬಾಯಿಯ ಚಲನೆಯೇ ಕೈಕೊಡುವ ಇಂಥ ಮಕ್ಕಳೇ ಅವರಲ್ಲಿ ಹೆಚ್ಚು. ಎರಡು ವರ್ಷದ ಹಿಂದೆ ನಾನು ಯಾರಿಗೂ ಹೇಳದೆ ಅವರ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿದ್ದೆ. ಬರೆಸಿದ್ದು ನನಗೇ ಮರೆತಿತ್ತು.

"ಒಂದು ಜಾಗ ಖಾಲಿ ಆಗ್ತಿದೆ. ಬುಧವಾರ, ಶುಕ್ರವಾರ, ಬೆಳಿಗ್ಗೆ ಎಂಟೂವರೆ. ಮಾರ್ಚ್ ಮೂರನೇ ವಾರದವರೆಗೆ ನಿಮಗೋಸ್ಕರ ಹಿಡಿದಿಡ್ತೀನಿ. ಆಮೇಲೆ ಮುಂದಿನವರಿಗೆ ಕೊಡಬೇಕಾಗುತ್ತೆ."

"ಈಗ ಬಿಟ್ಟರೆ ಮತ್ತೆ ಯಾವಾಗ ಸಿಗುತ್ತೆ?"

"ಒಂದೂವರೆ ವರ್ಷ ಆಗಬಹುದು. ಅವಳಿಗೆ ಆಗ ಎಂಟಾಗಿರುತ್ತೆ. ತಡ ಆದಷ್ಟೂ ಕಷ್ಟ. ಒಂದು ಸಲ ಕರ್ಕೊಂಡು ಬನ್ನಿ, ನೋಡ್ತೀನಿ. ಅದಕ್ಕೆ ದುಡ್ಡು ಬೇಡ."

ಮುಂದಿನ ವಾರ ಗುರುವಾರ ಪಾಳಿ ಮುಗಿಸಿ ಇಬ್ಬರು ಮಕ್ಕಳನ್ನೂ ಕಾರಿಗೆ ಹತ್ತಿಸಿಕೊಂಡು ಹೋದೆ. ಗ್ಲೆನಿಸ್ ಅರವತ್ತು ದಾಟಿದ, ನರೆಗೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡ ಹೆಂಗಸು. ಕಾರ್ಡು ತೆಗೆಯಲಿಲ್ಲ. ಕಾಲಿನಾಳ ಎದುರು ಮಂಡಿಯೂರಿ ಕೂತು ಒಂದು ಸೋಪಿನ ಗುಳ್ಳೆಯ ಸೀಸೆ ಹಿಡಿದರು. ಮುಚ್ಚಳ ತೆಗೆಯಲಿಲ್ಲ. ತಮ್ಮ ತುಟಿ ಒತ್ತಿ ಬಿಟ್ಟರು: "ಪ." ಕಾಲಿನಾ ಸೀಸೆ ಕಿತ್ತುಕೊಳ್ಳಲು ನೋಡಿದಳು. "ಪ." ಕಾಲಿನಾ ಕಾಲು ಬಡಿದಳು. ಗ್ಲೆನಿಸ್ ಎರಡು ಬೆರಳಿಂದ ಅವಳ ತುಟಿಗಳನ್ನು ಮೆಲ್ಲಗೆ ಕೂಡಿಸಿ ಬಿಟ್ಟರು. ಹಾಗೆ ಹದಿನೈದು ಸಲ, ಇಪ್ಪತ್ತು ಸಲ. ನಾನು ಸಾಕು ಬಿಡಿ ಅನ್ನಬೇಕು ಅನ್ನುವಷ್ಟರಲ್ಲಿ ಕಾಲಿನಾ ತಾನೇ ತುಟಿ ಒತ್ತಿದಳು. ಬೆಂಕಿಕಡ್ಡಿ ಆರಿಸಿದಷ್ಟು ಸಣ್ಣ ಗಾಳಿ ಹೊರಬಂತು.

"ಪ."

ಸಿಮೊನಾ ನನ್ನ ತೋಳು ಹಿಂಡಿದಳು. ಗ್ಲೆನಿಸ್ ಗುಳ್ಳೆ ಊದಿದರು.

"ನಾನು ಭರವಸೆ ಕೊಡಲ್ಲ" ಎಂದರು ನನಗೆ. "ಮಾತು ಬರುತ್ತೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಆದ್ರೆ ಅವಳ ತುಟಿ ಎಲ್ಲಿ ತಪ್ಪುತ್ತೆ ಅಂತ ನನಗೆ ಕಾಣ್ತಿದೆ. ಊಟದ ಹೊತ್ತಲ್ಲಿ ಐದೈದು ನಿಮಿಷ ಮನೇಲೂ ಮಾಡಿಸ್ಬೇಕು. ಹಗಲು ಮನೇಲಿ ಯಾರಿರ್ತಾರೆ?"

"ನಮ್ಮತ್ತೆ."

"ಹಾಗಾದ್ರೆ ಮುಂದಿನ ಸಲ ಅವರೂ ಬರಲಿ."

ಅಲ್ಲಿಂದ ಬಂದವಳೇ ಪ್ಲಾನಿನಲ್ಲಿ ಎಷ್ಟು ಉಳಿದಿದೆ ಎಂದು ಫೋನಿನಲ್ಲಿ ತೆರೆದು ನೋಡಿದೆ. ಸ್ಪೀಚ್ ಥೆರಪಿಗೆ ಆರು ಸಾವಿರದ ಇನ್ನೂರು ಡಾಲರ್ ಇತ್ತು. ಅದರ ಎದುರಿಗೆ, ಪೂರ್ತಿ ಕಾಯ್ದಿರಿಸಲಾಗಿದೆ ಎಂದಿತ್ತು. ಬಿಲ್ಯಾನಾಳ ಸಂಸ್ಥೆಯ ಹೆಸರಲ್ಲಿ, ಅಕ್ಟೋಬರ್‌ವರೆಗೆ. ಹಾಗೆ ಕಾಯ್ದಿರಿಸಿದ ಹಣವನ್ನು ಅವರು ಬಿಡುವವರೆಗೆ ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ. ಕರಾರುಪತ್ರದ ಕೆಳಗೆ ಜೋರನ್‌ನ ಸಹಿ ಇತ್ತು, ಆರು ವಾರದ ಹಿಂದಿನದು.

ನಮ್ಮ ಜನರ ಮನೆಗಳಲ್ಲಿ ಅಡುಗೆಮನೆ ಎರಡು. ಒಳಗಿನದನ್ನು ಒರೆಸಿ ಇಡುತ್ತೇವೆ, ಗ್ಯಾರೇಜಿನದರಲ್ಲಿ ಬೇಯಿಸುತ್ತೇವೆ. ಅದು ಐವರ್, ಅಂದರೆ ಸುಟ್ಟ ಮೆಣಸಿನಕಾಯಿಯ ಗೊಜ್ಜು, ಮಾಡಿ ವರ್ಷಕ್ಕೆ ತುಂಬಿಡುವ ಕಾಲ. ಆ ಶನಿವಾರ ಐದು ಮೂಟೆ ಕೆಂಪು ದಪ್ಪಮೆಣಸಿನಕಾಯಿ ಬಂದಿದ್ದವು. ಜೋರನ್ ತಗಡಿನ ಮೇಲೆ ಸುಡುತ್ತಿದ್ದ, ಅತ್ತೆ ಮತ್ತು ಸಿಮೊನಾ ಸಿಪ್ಪೆ ಸುಲಿಯುತ್ತಿದ್ದರು, ಕಾಲಿನಾ ಸುಲಿದದ್ದನ್ನು ಎಣಿಸದೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹೊಗೆಗೆ ಎಲ್ಲರ ಕಣ್ಣೂ ಕೆಂಪು.

"ಜೋರನ್, ಬಿಲ್ಯಾನಾ ತಂದ ಕಾಗದಕ್ಕೆ ಸಹಿ ಹಾಕಿದೀಯಾ?"

"ಯಾವ ಕಾಗದ?"

"ಕಾಲಿನಾ ಪ್ಲಾನಿನದು."

"ಓ, ಅದಾ. ಕೂಮನೇ ತಂದಿದ್ರು, ಜನವರೀಲಿ. ಇಲ್ಲೇ ಕೂತು ಕಾಫಿ ಕುಡಿದ್ರು. ಪ್ರತಿ ವರ್ಷದ್ದೇ ಅಂದ್ರು, ಹಾಕಿದೆ."

"ಓದಿದ್ಯಾ?"

ಅವನು ಇಕ್ಕಳದಲ್ಲಿ ಮೆಣಸಿನಕಾಯಿ ತಿರುವಿದ. ಉತ್ತರ ಕೊಟ್ಟವರು ಅತ್ತೆ.

"ಕೂಮನ ಎದುರಿಗೆ ಕನ್ನಡಕ ಹಾಕ್ಕೊಂಡು ಕಾಗದ ಓದ್ತಾನಾ ನನ್ನ ಮಗ? ನಿಮ್ಮನ್ನ ನಂಬಲ್ಲ ಅಂತ ಮುಖಕ್ಕೆ ಹೇಳಿದ ಹಾಗೆ ಅದು. ನಾನೇ ಪೆನ್ನು ತಂದುಕೊಟ್ಟೆ."

"ನೀವೇ ತಂದುಕೊಟ್ರಾ!"

"ಹೌದು. ಏನೀಗ?"

ಸಿಮೊನಾ ಕೈ ಒರೆಸಿಕೊಂಡು ನನ್ನ ಫೋನು ತೆಗೆದುಕೊಂಡಳು. "ಅಪ್ಪ, ಕೇಳು. ಅಕ್ಟೋಬರ್‌ವರೆಗೆ ಇರೋ ದುಡ್ಡೆಲ್ಲ ಅವರಿಗೇ. ಎರಡು ದಿನ ಮುಂಚೆ ಹೇಳದೆ ತಪ್ಪಿಸಿದ್ರೆ ಪೂರ್ತಿ ಗಂಟೆ ಚಾರ್ಜು. ಬಿಡಬೇಕು ಅಂದ್ರೆ ನಾಲ್ಕು ವಾರ ಮುಂಚೆ ಬರೆದು ಕೊಡಬೇಕು, ಸಹಿ ಹಾಕಿದವರೇ. ಅಜ್ಜಿ, ಹೋದ ವರ್ಷ ಸತ್ತವರ ಶನಿವಾರ ಸ್ಮಶಾನಕ್ಕೆ ಹೋಗಬೇಕು ಅಂತ ಆ ಹುಡುಗೀನ ಬಾಗಿಲಿಂದಲೇ ವಾಪಸ್ ಕಳಿಸಿದ್ರಲ್ಲ? ಅದಕ್ಕೂ ಬಿಲ್ಲು ಹಾಕಿದಾರೆ."

"ಸತ್ತವರ ಹೆಸರಿನ ಸಿಹಿಗೋಧಿ, ಕೊಳಿವೋ, ಕೈಗೆ ಕೊಟ್ಟೇ ಕಳಿಸಿದ್ದೆ" ಎಂದರು ಅತ್ತೆ.

ನಾನು ಡಾಪ್ಟೋದ ವಿಷಯ ಹೇಳಿದೆ. ಇಪ್ಪತ್ತು ಸಲ ಆದಮೇಲೆ ಬಂದ ಆ ಒಂದು ಸದ್ದಿನ ವಿಷಯವನ್ನೂ ಹೇಳಿದೆ.

"ಡಾಪ್ಟೋದಲ್ಲೇನು ಚಿನ್ನದ ನಾಲಿಗೆ ಮಾರ್ತಾರಂತಾ?" ಎಂದರು ಅತ್ತೆ. "ಇವರಪ್ಪನೂ ನಾಲ್ಕು ವರ್ಷದವರೆಗೆ ಮಾತಾಡಿರಲಿಲ್ಲ. ಈಗ ನೋಡು."

"ಈಗಲೂ ಆಡಲ್ಲ" ಎಂದೆ. "ಆಡಬೇಕಾದಾಗ ಬಾಯಿಗೆ ಬೀಗ."

ಜೋರನ್ ತಲೆ ಎತ್ತಿದ. "ಲಿದಿಯಾ, ನಾನು ಹದಿನಾಲ್ಕು ಗಂಟೆ ಕ್ರೇನ್ ಮೇಲೆ ಕೂತು ಬಂದಿದೀನಿ. ಈಸ್ಟರ್ ಆಗಲಿ, ನಿಧಾನವಾಗಿ ಹೇಳೋಣ."

"ಈಸ್ಟರ್‌ಗೆ ಆ ಜಾಗ ಇರಲ್ಲ."

"ನಮ್ಮ ಕೈಯಿಂದಲೇ ಕೊಟ್ಟು ಮಾಡಿಸೋಣ ಹಾಗಾದ್ರೆ."

"ವಾರಕ್ಕೆ ಎರಡು ಗಂಟೆ, ಹತ್ತಿರ ನಾನೂರು ಡಾಲರ್. ಒಂದು ತಿಂಗಳು ಕೊಡಬಹುದು. ಆಮೇಲೆ? ನನ್ನ ಸಂಬಳದಲ್ಲಿ ಮಿಕ್ಕಿದ್ದರಲ್ಲಿ ಮೆಣಸಿನಕಾಯಿನೂ ಬರಲ್ಲ. ಅವಳಿಗೆ ಅಂತ ಸರ್ಕಾರ ಕೊಟ್ಟ ದುಡ್ಡು ಅಲ್ಲಿದೆ. ನೀನು ಸಹಿ ಹಾಕಿ ಬೀಗ ಜಡಿದಿದೀಯ, ನೀನೇ ತೆಗೀಬೇಕು."

ಅತ್ತೆ ಚಾಕು ಕೆಳಗಿಟ್ಟರು. "ಸಹಿ ಹಾಕಲಿ. ನಾನು ಮಣ್ಣಿಗೆ ಹೋದಮೇಲೆ ಹಾಕಲಿ."

ಅಲ್ಲಿಗೆ ಮುಗಿಯಿತು. ಆ ವರ್ಷದ ಐವರ್ ಕಹಿಯಾಯಿತು. ಯಾರೂ ನೋಡದೆ ತಳ ಹಿಡಿದಿತ್ತು. ಆದರೂ ಸೀಸೆಗಳಿಗೆ ತುಂಬಿದೆವು.

ಸೋಮವಾರ ನಾನು ಬಿಲ್ಯಾನಾಳ ಕಚೇರಿಗೆ ಹೋದೆ. ವಾರಾಂಗ್‌ನಲ್ಲಿ ಬೇಕರಿಯ ಮೇಲಿನ ಎರಡು ಕೋಣೆ. ನಾಲ್ಕು ಮೇಜು, ಮೂರು ಖಾಲಿ. ಬಿಲ್ಯಾನಾ ನನ್ನ ವಯಸ್ಸಿನವಳೇ. ಸಿಮೊನಾಳನ್ನು ದೀಕ್ಷೆಯಲ್ಲಿ ಎತ್ತಿಕೊಂಡವಳು ಅವಳು. ನನ್ನ ಮುಖ ನೋಡಿದ್ದೇ ಬಾಗಿಲು ಹಾಕಿದಳು.

"ಹೊಸ ಹುಡುಗಿ ಬಗ್ಗೆ ದೂರಾ?"

"ಹುಡುಗಿ ಬಗ್ಗೆ ಏನೂ ಇಲ್ಲ. ನಾವು ಬಿಡಬೇಕು ಅಂತಿದೀವಿ, ಬಿಲ್ಯಾನಾ."

ಅವಳು ಕೂತಳು. ಪೆನ್ನಿನ ಟೋಪಿ ತೆಗೆದು ಹಾಕಿ ಮಾಡಿದಳು.

"ನಾಲ್ಕು ವಾರದ ನೋಟಿಸ್ ಕೊಟ್ರೆ ಉಳಿದ ದುಡ್ಡು ಬಿಡ್ತೀನಿ. ಬಿಡಲೇಬೇಕು, ನಿಯಮ ಅದು. ನಾನು ಕಳ್ಳಿ ಅಲ್ಲ, ಲಿದಿಯಾ."

"ಹಾಗಂತ ನಾನು ಅಂದಿಲ್ಲ."

"ಹುಡುಗೀರು ನಿಲ್ಲಲ್ಲ. ಎಷ್ಟು ಕೊಟ್ರೂ ದೊಡ್ಡ ಕಡೆ ಇನ್ನೂ ಜಾಸ್ತಿ ಕೊಡ್ತಾರೆ. ಅಪ್ಪ ಮನೆ ಅಡವಿಟ್ಟು ಇದನ್ನ ಶುರು ಮಾಡಿಸಿದ್ದು, ಗೊತ್ತಾ ನಿನಗೆ? ನಮ್ಮವರ ಹನ್ನೊಂದು ಮನೆ ಮಕ್ಕಳಿದಾರೆ. ಅಪ್ಪ ಕೂಮ ಆಗಿರೋ ಮನೆಯವರೇ ಬಿಟ್ಟುಹೋದ್ರು ಅಂದ್ರೆ ಮಿಕ್ಕವರು ನಿಲ್ತಾರಾ? ಚರ್ಚಿನ ಅಂಗಳದಲ್ಲಿ ಏನಂತಾರೆ?"

"ಕಾಲಿನಾ ಒಂದು ಮಾತೂ ಆಡಲ್ಲ, ಬಿಲ್ಯಾನಾ."

"ಗೊತ್ತು" ಎಂದಳು. "ಜೋರನ್ ಸಹಿ ತಗೊಂಡು ಬಾ. ಆದ್ರೆ ಅಪ್ಪನಿಗೆ ನಾನು ಹೇಳಲ್ಲ. ನೀವೇ ಹೇಳಿ, ಎದುರಿಗೆ. ಬರೋ ಭಾನುವಾರ ಹೇಗೂ ಬರ್ತೀರಲ್ಲ."

ಬರುವ ಭಾನುವಾರ ಕ್ಷಮೆಯ ಭಾನುವಾರ. ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ ಶುರುವಾಗುವ ಹಿಂದಿನ ದಿನ. ಕಿರಿಯರು ಹಿರಿಯರ ಮನೆಗೆ, ಎಲ್ಲರೂ ಕೂಮನ ಮನೆಗೆ ಹೋಗಿ ಕೈಗೆ ಮುತ್ತಿಟ್ಟು "ಕ್ಷಮಿಸಿ" ಅನ್ನಬೇಕು. ಅವರು "ದೇವರು ಕ್ಷಮಿಸಲಿ, ನಾನೂ ಕ್ಷಮಿಸಿದೆ" ಅನ್ನಬೇಕು. ಅನ್ನದೆ ಇರುವುದನ್ನು ನಾನು ಕಂಡಿರಲಿಲ್ಲ.

ಅದಕ್ಕೂ ಮುಂಚೆ ಶುಕ್ರವಾರ ಅತ್ತೆಯನ್ನು ಡಾಪ್ಟೋಗೆ ಕರೆದುಕೊಂಡು ಹೋದೆ. ಬರುವುದಿಲ್ಲ ಎಂದೇ ಹಟ ಹಿಡಿದಿದ್ದರು. "ಅಜ್ಜಿ, ಬಂದು ಬೈಯೋಕಾದ್ರೂ ಬನ್ನಿ" ಎಂದಳು ಸಿಮೊನಾ. ಅದಕ್ಕೆ ಒಪ್ಪಿದರು. ತಲೆಗೆ ಕಪ್ಪು ವಸ್ತ್ರ ಕಟ್ಟಿ, ಮಡಿಲಲ್ಲಿ ಜೆಲ್ನಿಕ್ ತಟ್ಟೆ ಇಟ್ಟುಕೊಂಡು ಕಾರಿನಲ್ಲಿ ಕೂತರು.

ಗ್ಲೆನಿಸ್ ತಟ್ಟೆ ತೆಗೆದುಕೊಂಡು ಕಿಟಕಿಯ ಮೇಲಿಟ್ಟರು. "ಆಮೇಲೆ ತಿಂತೀನಿ. ಈಗ ಕೆಲಸ."

ಅತ್ತೆಗೆ ಇಂಗ್ಲಿಷು ಅಷ್ಟಕ್ಕಷ್ಟೆ. ನಾನು ಹೇಳಿದೆ. ಮುಖ ಬಿಗಿಯಿತು. ಆದರೆ ಗ್ಲೆನಿಸ್ ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಅವರ ಕೈ ಹಿಡಿದು ಎರಡು ಬೆರಳು ಕಾಲಿನಾಳ ತುಟಿಯ ಮೇಲಿಡಿಸಿದರು. ಒತ್ತಬೇಡಿ, ಕೂಡಿಸಿ, ಬಿಡಿ. ಅತ್ತೆ ಬಿರುಸಾಗಿ ಒತ್ತಿದರು, ಕಾಲಿನಾ ಮುಖ ತಿರುಗಿಸಿದಳು. ಮತ್ತೆ. ಮತ್ತೆ. ಮುಕ್ಕಾಲು ಗಂಟೆ ಅದೇ. ಆ ದಿನ ಒಂದು ಸದ್ದೂ ಬರಲಿಲ್ಲ. ಕಾಲಿನಾ ಕೊನೆಗೆ ಅಜ್ಜಿಯ ಬೆರಳು ಕಚ್ಚಿದಳು.

ವಾಪಸ್ ಬರುವಾಗ ಅತ್ತೆ ಬೆರಳು ನೋಡಿಕೊಳ್ಳುತ್ತಿದ್ದರು.

"ತುಟಿ ಕೂಡಲ್ಲ ಇವಳಿಗೆ" ಎಂದರು. "ಮೇಲಿನದು ಬರುತ್ತೆ, ಕೆಳಗಿನದು ಜಾರುತ್ತೆ. ಕೈಯಿಟ್ರೆ ಗೊತ್ತಾಗುತ್ತೆ."

"ಹೂಂ ಅತ್ತೆ."

"ಇದನ್ನ ಯಾರೂ ನನಗೆ ತೋರಿಸಿರಲಿಲ್ಲ."

"ಹೂಂ."

"ಆ ಹೆಂಗಸು ನೀರೂ ಕುಡೀಲಿಲ್ಲ" ಎಂದರು. ಅದು ದೂರೋ ಹೊಗಳಿಕೆಯೋ ಕೇಳಲು ನನಗೆ ಧೈರ್ಯವಾಗಲಿಲ್ಲ. "ಆದ್ರೂ ಕೂಮನಿಗೆ ಇಲ್ಲ ಅನ್ನೋಕಾಗಲ್ಲ, ಲಿದಿಯಾ. ಇನ್ನೊಂದು ದಾರಿ ಹುಡುಕು."

ನೋಟಿಸ್ ಕಾಗದ ಬರೆದು ನಾನು ಚೀಲದಲ್ಲಿ ಇಟ್ಟುಕೊಂಡಿದ್ದೆ. ಜೋರನ್ ಅದನ್ನು ನೋಡಿದ, ಮಡಿಚಿದ, ವಾಪಸ್ ಕೊಟ್ಟ. "ಅಮ್ಮ ಹೂಂ ಅಂದ್ರೆ ಹಾಕ್ತೀನಿ. ಇಲ್ಲದಿದ್ರೆ ನನ್ನ ಕೈ ಬರಲ್ಲ. ಹೊಡಿ ಬೇಕಾದ್ರೆ." ಗ್ಲೆನಿಸ್ ಹಿಡಿದಿಟ್ಟ ಜಾಗಕ್ಕೆ ಇನ್ನು ಮೂರು ದಿನ ಉಳಿದಿತ್ತು. ಬುಧವಾರ ನಾವು ಹೋಗದಿದ್ದರೆ ಆ ಎಂಟೂವರೆ ಇನ್ನೊಂದು ಮಗುವಿಗೆ ಹೋಗುತ್ತಿತ್ತು.

ಭಾನುವಾರ ಸಂಜೆ ಐದಕ್ಕೆ ಕೂಮನ ಮನೆ. ನಾಸ್ತೆಯವರಿಗೆ ಎಂಬತ್ತನಾಲ್ಕು. ಮೇಜಿನ ತುದಿಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದರು. ಉಪವಾಸಕ್ಕೆ ಮುಂಚಿನ ಊಟ, ಮಾಂಸವನ್ನು ಹಿಂದಿನ ವಾರವೇ ಬಿಟ್ಟಾಗಿತ್ತು. ಹುರಿದ ಮೀನು, ಮೊಟ್ಟೆ, ಚೀಸಿನ ಕಡುಬು, ಹಾಲಿನ ಪಾಯಸ. ನಾವು ಐದು ಜನ, ಅವರ ಕಡೆಯವರು ಎಂಟು. ಬಿಲ್ಯಾನಾ ಬಡಿಸುತ್ತಿದ್ದಳು, ನನ್ನ ಕಡೆ ನೋಡುತ್ತಿರಲಿಲ್ಲ.

ಊಟ ಆದಮೇಲೆ ಮಕ್ಕಳ ಆಟ. ಲಟ್ಟಣಿಗೆಗೆ ದಾರ ಕಟ್ಟಿ, ದಾರದ ತುದಿಗೆ ಬೇಯಿಸಿದ ಮೊಟ್ಟೆ ಕಟ್ಟಿ ಹಿರಿಯರು ತೂಗುತ್ತಾರೆ. ಮಕ್ಕಳು ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲೇ ಹಿಡಿಯಬೇಕು. ಕೂಮ ತೂಗಿದರು. ಬಿಲ್ಯಾನಾಳ ಅಕ್ಕನ ಮಕ್ಕಳು ಹಿಡಿದರು, ಎಲ್ಲರೂ ಚಪ್ಪಾಳೆ. ಕಾಲಿನಾ ಸರದಿ ಬಂತು. ಮೊಟ್ಟೆ ಅವಳ ತೆರೆದ ಬಾಯಿಗೆ ತಾಗಿತು, ಜಾರಿತು. ಮತ್ತೆ ತಾಗಿತು, ಜಾರಿತು. ಅವಳು ನಗುತ್ತಲೇ ಇದ್ದಳು. ಐದನೇ ಸಲ ಮೊಟ್ಟೆ ಹಲ್ಲಿಗೆ ಬಡಿಯಿತು, ಅವಳ ನಗು ನಿಂತಿತು.

"ಮುಚ್ಚೇ ಬಾಯಿ!" ಎಂದು ಕೂಮ ನಕ್ಕರು. "ತೆರೆದಿಟ್ರೆ ನೊಣ ಹೋಗುತ್ತೆ. ಎಲ್ಲಿ, ಕೂಮನಿಗೆ 'ಕ್ಷಮಿಸಿ' ಅನ್ನು ನೋಡೋಣ. ಅನ್ನಲ್ವಾ? ಇಷ್ಟು ವರ್ಷ ನಮ್ಮ ಹುಡುಗೀರು ಬಂದು ಹೇಳಿಕೊಟ್ಟಿದ್ದೇನು? ಸೋಮಾರಿ ಇವಳು. ಸಿಹಿ ಕೊಟ್ಟು ಕೊಟ್ಟು ಸೋಮಾರಿ ಮಾಡಿದೀರ."

ಕೆಲವರು ನಕ್ಕರು. ಅತ್ತೆ ಮೇಜಿನ ಇನ್ನೊಂದು ತುದಿಯಿಂದ ಮಾತಾಡಿದರು.

"ಸೋಮಾರಿ ಅಲ್ಲ, ಕೂಮ. ತುಟಿ ಕೂಡಲ್ಲ ಅದಕ್ಕೆ."

"ಕೂಡದೆ ಏನು, ಎಲ್ಲರಿಗೂ ಕೂಡುತ್ತೆ."

"ಕೈಯಿಟ್ಟು ನೋಡಿದೀನಿ ನಾನು."

ಕೂಮ ಲಟ್ಟಣಿಗೆ ಕೆಳಗಿಟ್ಟರು. ನಾನು ಎದ್ದೆ. ಈಗ ಹೇಳದಿದ್ದರೆ ಮತ್ತೆ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರ ಹತ್ತಿರ ಹೋಗಿ ಬಗ್ಗಿದೆ.

"ಕ್ಷಮಿಸಿ, ಕೂಮ. ಕಾಲಿನಾಳನ್ನ ಬುಧವಾರದಿಂದ ಬೇರೆ ಕಡೆ ಕಳಿಸಬೇಕು. ಕಾಗದ ಬರೆದು ತಂದಿದೀನಿ. ಇಷ್ಟು ದಿನ ಮಾಡಿದ್ದಕ್ಕೆ ನಾವು..."

ಅವರು ಕೈ ಹಿಂದಕ್ಕೆ ಎಳೆದುಕೊಂಡರು. ನನ್ನ ತುಟಿ ಬರೀ ಮೇಜಿನ ಬಟ್ಟೆಯ ಹತ್ತಿರ ನಿಂತಿತು. ನನ್ನ ಕಡೆ ತಿರುಗಲೂ ಇಲ್ಲ, ನನ್ನ ತಲೆಯ ಮೇಲಿಂದ ಅತ್ತೆಯನ್ನು ನೋಡಿದರು.

"ಸ್ಟೊಯಾಂಕಾ, ಸೊಸೆ ಹೊರಗಿಂದ ಬಂದವಳು. ಅವಳಿಗೆ ಏನು ಗೊತ್ತು. ನಾನು ನಿನ್ನ ಬಾಯಿಂದ ಕೇಳ್ತೀನಿ. ನಿನ್ನ ಮನೆ ನನಗೆ ಇಲ್ಲ ಅನ್ನುತ್ತಾ?"

ಅದು ಅವರು ಅತ್ತೆಗೆ ಬಿಟ್ಟುಕೊಟ್ಟ ದಾರಿ. ಸೊಸೆ ತಿಳಿಯದೆ ಆಡಿದಳು ಎಂದರೆ ಸಾಕಿತ್ತು. ಎಲ್ಲರೂ ನಕ್ಕು ಪಾಯಸಕ್ಕೆ ಕೈ ಹಾಕುತ್ತಿದ್ದರು. ಜೋರನ್ ತಟ್ಟೆ ನೋಡುತ್ತಿದ್ದ. ಅತ್ತೆ ಕಾಲಿನಾಳನ್ನು ಹತ್ತಿರ ಎಳೆದುಕೊಂಡು ಅವಳ ಗಲ್ಲ ಒರೆಸಿದರು, ಮೊಟ್ಟೆಯ ಚೂರು ಅಂಟಿತ್ತು.

"ಅನ್ನುತ್ತೆ" ಎಂದರು.

"ಏನು?"

"ಇಲ್ಲ ಅನ್ನುತ್ತೆ, ಕೂಮ."

ಬಿಲ್ಯಾನಾ ಕೈಯಲ್ಲಿದ್ದ ತಟ್ಟೆಗಳನ್ನು ಒಳಗೆ ತೆಗೆದುಕೊಂಡು ಹೋದಳು. ಕೂಮ ಏಳಲು ನೋಡಿದರು, ಮೊಣಕಾಲು ಬಿಡಲಿಲ್ಲ, ಮತ್ತೆ ಕೂತರು. ಅತ್ತೆ ಎದ್ದು ಹೋಗಿ, ಅವರು ಕೊಡದ ಕೈಯನ್ನು ತಾವೇ ಮಂಡಿಯ ಮೇಲಿಂದ ಎತ್ತಿ ಮುತ್ತಿಟ್ಟರು. "ಕ್ಷಮಿಸಿ" ಎಂದರು. ನಾವು ಕಾದೆವು. ಗೋಡೆಯ ಗಡಿಯಾರದ ಹತ್ತಿರ ಯಾರೋ ಕೆಮ್ಮಿದರು. ನಾಸ್ತೆಯವರು ಏನೂ ಹೇಳಲಿಲ್ಲ.

ಹೊರಗೆ ಇನ್ನೂ ಬೆಳಕಿತ್ತು. ಜೋರನ್ ಕಾರಿನ ಬಾನೆಟ್ ಮೇಲೆ ಕಾಗದ ಹರಡಿ ಸಹಿ ಹಾಕಿದ. ಸಿಮೊನಾ ಅದನ್ನು ಅವರ ಅಂಚೆಪೆಟ್ಟಿಗೆಗೆ ಹಾಕಿ ಬಂದಳು. ಕಾರು ಹೊರಟ ಮೇಲೆ ಅತ್ತೆ ಹಿಂದಿನ ಸೀಟಿನಿಂದ ಹೇಳಿದರು:

"ನನ್ನ ಬಾಯಲ್ಲಿ ಆ ಮಾತು ಹೊರಡಿಸಿದೆ ನೀನು."

"ಅತ್ತೆ..."

"ಇರಲಿ. ನೀನು ಮಾತಾಡ್ಬೇಡ."

ಆಮೇಲೆ ಒಂದು ತಿಂಗಳು ನಾವು ಕೈಯಿಂದ ಕೊಟ್ಟೆವು. ನಾಲ್ಕು ವಾರ ತುಂಬಿದ ದಿನವೇ ಬಿಲ್ಯಾನಾ ಹಣ ಬಿಟ್ಟಳು, ಒಂದು ದಿನ ಹಿಂದೆಮುಂದೆ ಮಾಡಲಿಲ್ಲ. ಈಸ್ಟರ್‌ಗೆ ಅವರ ಮನೆಯಿಂದ ಕೆಂಪು ಮೊಟ್ಟೆ ಬರಲಿಲ್ಲ. ನಾವು ಕಳಿಸಿದ್ದು ಬುಟ್ಟಿಯ ಸಮೇತ ಗೇಟಿನ ಮೇಲೆ ವಾಪಸ್ ಸಿಕ್ಕಿತು. ಮೇ ಹೊತ್ತಿಗೆ ಬೇರೆ ಮೂರು ಮನೆಯವರೂ ಬಿಲ್ಯಾನಾಳನ್ನು ಬಿಟ್ಟರೆಂದು ಕೇಳಿದೆ. ಚರ್ಚಿನಲ್ಲಿ ಅತ್ತೆ ಈಗ ಎಡಗಡೆಯ ಸಾಲಿನಲ್ಲಿ, ಕಂಬದ ಹಿಂದೆ ನಿಲ್ಲುತ್ತಾರೆ. ನನ್ನ ಜೊತೆ ಉಪ್ಪು ಕೊಡು, ಬಟ್ಟೆ ತೆಗಿ, ಇಷ್ಟೇ ಮಾತು.

ದಿನಕ್ಕೆ ಮೂರು ಹೊತ್ತು, ಊಟಕ್ಕೆ ಮುಂಚೆ, ಕಾಲಿನಾಳನ್ನು ಎದುರಿಗೆ ಕೂರಿಸಿಕೊಂಡು ಎರಡು ಬೆರಳಿಡುತ್ತಾರೆ. ಹನ್ನೆರಡು ವಾರ ಆಯಿತು. "ಪ" ಬರುತ್ತದೆ, ಒಳ್ಳೆಯ ದಿನ "ಮ" ಬರುತ್ತದೆ. ಮಾತು ಇನ್ನೂ ಒಂದೂ ಬಂದಿಲ್ಲ.

ನನ್ನ ಅತ್ತೆ 1974ರಲ್ಲಿ ಕೊಟ್ಟ ಮಾತು ಉಳಿಯಲಿಲ್ಲ. ಅವರೇ ಮುರಿದರು.